ನನ್ನ ತಲೆಸುತ್ತು, ನಿಮ್ಮಜ್ಜನ ಉತ್ತರ

ಮಕ್ಕಳೇ, ನಿಮ್ಮಪ್ಪನಿಗೆ ಒಡಹುಟ್ಟಿದವರು ಯಾಕೆ ಯಾರೂ ಇಲ್ಲ ಎಂದು ನೀವು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗಿ ಏನಾದರೂ ಕೆಲಸ ಹುಡುಕಿಕೊಂಡಿದ್ದೇನೆ. ಬಾಯಲ್ಲಿ ಹೇಳಲು ಈಗಲೂ ಆಗುವುದಿಲ್ಲ. ಬರೆಯುವಾಗ ನಿಮ್ಮ ಮುಖ ಎದುರಿಗಿರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಆಗ ನಾವು ಹೈದರಾಬಾದಿನ ಸನತ್‌ನಗರದಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ನಿಮ್ಮಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ. ರೊಟ್ಟಿ ಬಡಿದು ಮೇಲೇಳುವಾಗ ನನಗೆ ತಲೆ ಸುತ್ತುತ್ತಿತ್ತು. ಗೋಡೆ ಹಿಡಿದು ನಿಂತರೆ ಹೋಗುತ್ತಿತ್ತು. ಬರುಬರುತ್ತ ಮೆಟ್ಟಿಲು ಹತ್ತಿದರೂ ಬಟ್ಟೆ ಹಿಂಡಿದರೂ ಕಣ್ಣು ಕಪ್ಪಾಗಿ, ಎದೆ ಡವಡವ ಎನ್ನತೊಡಗಿತು.

ಪಕ್ಕದ ಮನೆಯವರು ಬೀದರ್ ಕಡೆಯವರು, ನನಗಿಂತ ಹಿರಿಯರು. ನಳದ ಹತ್ತಿರ ನಾನು ಹಾಗೆ ನಿಂತದ್ದನ್ನು ಕಂಡು ನಕ್ಕರು.

"ಕಳ್ಳಿ, ನನಗೂ ಮುಚ್ಚಿಟ್ಟೀ ಏನವಾ? ಎಷ್ಟನೇದು ತಿಂಗಳು?"

"ಹಂಗೇನಿಲ್ರಿ ಅಕ್ಕಾರ."

"ಎಲ್ಲಾರೂ ಮೊದಲ ಹಂಗ ಅಂತಾರ. ನಾನೂ ನಾಲ್ಕೂ ಸಲ ಹಂಗ ಅಂದಿದ್ದೆ."

ಸುದ್ದಿ ಊರಿಗೂ ಮುಟ್ಟಿತು. ಬಸುರಿ ಸೊಸೆಗೆಂದು ಅತ್ತೆ ಅಂಟಿನುಂಡಿ ಕಟ್ಟಿ ಕಳಿಸಿದರು. ಅದು ಬಸುರಲ್ಲ ಎಂದು ನನಗೆ ಗೊತ್ತಿತ್ತು. ತಿಂಗಳು ತಿಂಗಳು ರಕ್ತ ಹೋಗುತ್ತಿತ್ತು, ಹೋದರೆ ನಿಲ್ಲುತ್ತಿರಲಿಲ್ಲ. ಊರಲ್ಲಿದ್ದರೆ ಹೊರಗೆ ಕೂಡುವ ಪದ್ಧತಿ. ಸೊಸೆ ಎಷ್ಟು ದಿನ ಕೂತಳು, ಯಾವಾಗ ಎದ್ದಳು ಎಂಬುದು ಅತ್ತೆಗೆ ಕೇಳದೆಯೇ ತಿಳಿಯುತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಅದೆಲ್ಲ ಬಿಟ್ಟುಹೋಗಿತ್ತು. ಅದು ಬಿಟ್ಟದ್ದು ನನಗೆ ಸುಖವೇ ಆಗಿತ್ತು. ಆದರೆ ಇಲ್ಲಿ ನಾನಾಗಿ ಬಾಯಿ ಬಿಡದೆ ಯಾರಿಗೂ ತಿಳಿಯುವ ಹಾಗಿರಲಿಲ್ಲ.

ನಿಮ್ಮಜ್ಜ ನನ್ನನ್ನು ದವಾಖಾನೆಗೆ ಕರೆದೊಯ್ಯದೆ ಇರಲಿಲ್ಲ. ಅವರಿಗೆ ಕಾರ್ಖಾನೆಯಲ್ಲಿ ತೆಲುಗು, ಹಿಂದಿ ಎರಡೂ ಬಂದಿದ್ದವು. ನನಗೆ ಕನ್ನಡ ಬಿಟ್ಟರೆ ಏನೂ ಬಾರದು. ಡಾಕ್ಟರು ಅವರ ಮುಖ ನೋಡಿ ಕೇಳುತ್ತಿದ್ದರು, ಅವರೇ ಉತ್ತರ ಕೊಡುತ್ತಿದ್ದರು. ರಸ್ತೆಗೆ ಬಂದ ಮೇಲೆ ನಾನು ಕೇಳುತ್ತಿದ್ದೆ.

"ಏನಂದ್ರು?"

"ಉಪವಾಸ ಮಾಡತಾಳೇನು ಅಂದ್ರು. ಹೌದು, ಸೋಮವಾರ, ಶನಿವಾರ ಅಂದೆ."

"ಮತ್ತ?"

"ಬ್ಯಾರೆ ಏನರ ತ್ರಾಸ ಐತೇನು ಅಂದ್ರು. ಏನಿಲ್ಲ ಅಂದೆ. ಐತೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ. ಟಾನಿಕ್ ಬಂತು. ಆಮೇಲೆ ಕಣ್ಣಿನ ಡಾಕ್ಟರು, ಕಿವಿಯ ಡಾಕ್ಟರು. ಒಬ್ಬರು ಕನ್ನಡಕ ಬೇಡವೆಂದರು, ಇನ್ನೊಬ್ಬರು ಕಿವಿ ಚೆನ್ನಾಗಿದೆ ಎಂದರು. ಮನೆಯಲ್ಲಿ ನಿಮ್ಮಜ್ಜನೇ ನೀರು ತುಂಬತೊಡಗಿದರು. ನನ್ನ ಮುಖ ಬಿಳಿಚಿದ್ದನ್ನು ನೋಡಿ, ಪಟ್ಟಣದ ನೆರಳಿಗೆ ಬಣ್ಣ ಬಂದಿದೆ ಎಂದು ನೆರೆಯವರು ಹೊಗಳುತ್ತಿದ್ದರು.

ಒಂದು ದಿನ ಬೇಗಂಪೇಟೆ ಸ್ಟೇಷನ್ನಿನಲ್ಲಿ ನಿಮ್ಮಪ್ಪನ ಕೈ ಹಿಡಿದು ನಿಂತಿದ್ದೆ. ನಿಮ್ಮಜ್ಜ ಟಿಕೆಟು ತರಲು ಹೋಗಿದ್ದರು. ಕಿವಿಯಲ್ಲಿ ಗುಂಯ್ ಎಂದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ನೆಲದ ಮೇಲೆ ಬಿದ್ದಿದ್ದೆ, ನನ್ನ ಕೈ ಬರಿದಾಗಿತ್ತು. ರೈಲು ಒಳಗೆ ಬರುತ್ತಿತ್ತು. ಮೊಣಕೈ ಊರಿ ಸುತ್ತ ನೋಡಿದೆ. ಯಾರೋ ಹೆಂಗಸು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ನಾನು ಸತ್ತರೆ ಇವನು ಹೀಗೆ ಯಾರದೋ ಸೊಂಟದ ಮೇಲಿರುತ್ತಾನೆ ಎನ್ನಿಸಿತು.

ಅಲ್ಲಿಂದ ನೇರ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಹೆಂಗಸು ಡಾಕ್ಟರು. ನನ್ನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ನಿಮ್ಮಜ್ಜ ಎಂದಿನಂತೆ ಹೇಳಲು ಶುರುಮಾಡಿದಾಗ ಬಾಗಿಲ ಕಡೆ ಕೈ ತೋರಿಸಿದರು. ಇವಳಿಗೆ ಭಾಷೆ ಬರುವುದಿಲ್ಲ ಎಂದು ಇವರು ಹೇಳಿರಬೇಕು. ಆಕೆ ಮತ್ತೆ ಬಾಗಿಲನ್ನೇ ತೋರಿಸಿದರು.

"ಮಹೀನಾ?" ಎಂದು ಕೇಳಿದರು. ತಿಂಗಳಿನದನ್ನು ಕೇಳುತ್ತಿದ್ದಾರೆ ಎಂಬಷ್ಟು ಹಿಂದಿ ನನಗೆ ತಿಳಿಯುತ್ತಿತ್ತು.

"ಭಾಳ ಹೋಗತೈತ್ರಿ," ಎಂದೆ. ಆಕೆಗೆ ನನ್ನ ಮಾತು ತಿಳಿಯಿತೋ, ಅಳು ತಿಳಿಯಿತೋ.

ಯಾರದೋ ರಕ್ತವನ್ನು ಬಾಟಲಿಯಲ್ಲಿ ನನಗೆ ಏರಿಸಿದರು. ಗರ್ಭಚೀಲದಲ್ಲಿ ಗಂಟುಗಳು ಬೆಳೆದಿದ್ದವು. ಚೀಲವನ್ನೇ ತೆಗೆಯಬೇಕಾಯಿತು. ಮೊದಲೇ ಬಂದಿದ್ದರೆ ಔಷಧ ಕೊಟ್ಟು ನೋಡಬಹುದಿತ್ತು, ಗಂಟಷ್ಟನ್ನೇ ತೆಗೆಯಬಹುದಿತ್ತು ಎಂದು ಡಾಕ್ಟರು ನಿಮ್ಮಜ್ಜನಿಗೆ ಹೇಳಿದರು. ನಿಮ್ಮಜ್ಜ ಬಂದು ಮಂಚದ ಪಕ್ಕ ಕೂತರು.

"ನನಗರ ಹೇಳಬಾರದಾಗಿತ್ತೇನು?"

"ಹೆಂಗ ಹೇಳಲಿರಿ?"

"ನಾನೇನು ಪರಕೀ ಮಂದಿ ಏನು?"

"ಗಂಡಸರಲ್ಲೇನ್ರಿ ನೀವು?"

ಅತ್ತೆ ಬಂದು, "ಒಂದರ ಐತಲ್ಲ ಬಿಡು," ಎಂದು ನನ್ನ ತಲೆ ಸವರಿದರು. ಮಾರನೆಯ ದಿನವೇ ಊರಿಗೆ ಹೋದರು.

ನಿಮ್ಮಲ್ಲಿ ಯಾರಿಗೇ ಆಗಲಿ ಮತ್ತೆ ಮತ್ತೆ ತಲೆ ಸುತ್ತಿದರೆ ಅದಕ್ಕೆ ನೀವೇ ಒಂದು ಹೆಸರಿಟ್ಟು ಕೂಡಬೇಡಿ. ಹೊಟ್ಟೆ ಖಾಲಿಯಿದ್ದರೂ ಸುತ್ತುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ತಿರುಗಿದರೆ ಕಿವಿಯದಿರಬಹುದು. ಬಿ.ಪಿ. ಗುಳಿಗೆ ನುಂಗುವವರಿಗೆ ತಟ್ಟನೆ ಎದ್ದು ನಿಂತಾಗ ಬರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದಾಗ ಬರುತ್ತದೆ. ನನ್ನದು ರಕ್ತ ಕಡಿಮೆಯಾಗಿ ಬಂದದ್ದು. ಡಾಕ್ಟರಿಗೆ ತೋರಿಸಿ, ಹೇಳಲು ನಾಚಿಕೆಯಾಗುವ ಮಾತನ್ನು ಮೊದಲು ಹೇಳಿ. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ, ಎದೆ ನೋವಾದರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ, ಎಚ್ಚರ ತಪ್ಪಿ ಬಿದ್ದರೆ, ಮಲ ಕಪ್ಪಗೆ ಹೋದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಮ್ಮಜ್ಜ ನನ್ನ ಪರವಾಗಿ ಎಲ್ಲಿಯೂ ಮಾತಾಡಲಿಲ್ಲ. ತರಕಾರಿಯವನು ಏನಾದರೂ ಕೇಳಿದರೆ, ಬಸ್ಸಿನಲ್ಲಿ ಕಂಡಕ್ಟರು ಕೇಳಿದರೆ, ಸುಮ್ಮನೆ ನಿಂತು ನನ್ನ ಕಡೆ ನೋಡುತ್ತಿದ್ದರು. ನಾನು ತಡವರಿಸಿ ನಾಲ್ಕು ತೆಲುಗು ಮಾತು ಕೂಡಿಸುವ ತನಕ ಕಾಯುತ್ತಿದ್ದರು. ಹಿಂದೆ ನಿಂತವರು ಬೈದರೂ ಕಾಯುತ್ತಿದ್ದರು. ಅದು ಮುನಿಸೋ, ಹೆದರಿಕೆಯೋ ಎಂದು ನಾನು ಕೇಳಬಹುದಿತ್ತು. ಅವರು ತೀರಿಹೋಗುವ ತನಕವೂ ಕೇಳಲಿಲ್ಲ.