ಎವರೇಜ್ ಕೊಡದ ಗಾಡಿ

ನನ್ನ ಗಂಡ ಹಾಸಿಗೆ ಹಿಡಿದ ವರ್ಷವೇ ಅವರ ಗಾಡಿ ವಿಪರೀತ ಪೆಟ್ರೋಲ್ ಕುಡಿಯಲು ಶುರುಮಾಡಿತು.

ಅವರ ಮೈಗೆ ಏನೂ ಆಗಿರಲಿಲ್ಲ. ನಿಡಸೋಸಿಯ ಕಾಲೇಜಿನಲ್ಲಿ ಹುಡುಗರಿಗೆ ಎಂಜಿನ್ ಪಾಠ ಹೇಳುತ್ತಿದ್ದವರು ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಬೆಳಗಾವಿಯ ಮನೋವೈದ್ಯರು ಗುಳಿಗೆ ಬರೆದುಕೊಟ್ಟು, ನನ್ನನ್ನು ಹೊರಗೆ ಕರೆದು, "ಒಬ್ಬರನ್ನ ಬಾಳ ಹೊತ್ತು ಬಿಡಬ್ಯಾಡ್ರಿ" ಎಂದರು. ಗೋಕಾಕದ ಮನೆಯಲ್ಲಿ ನಾವಿಬ್ಬರೇ. ನನ್ನ ನೌಕರಿ ಮೂಡಲಗಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ. ಹೆಡ್‌ಮಾಸ್ತರರು ಮರುಗಿ ನನ್ನ ತಾಸುಗಳನ್ನೆಲ್ಲ ಮುಂಜಾನೆಗೆ ಹೊಂದಿಸಿಕೊಟ್ಟರು. ಪಾಠ ಮುಗಿದ ಕೂಡಲೇ ಕಾರು ಹತ್ತಿದರೆ ಊಟದ ಹೊತ್ತಿಗೆ ಮನೆ. ಬಸ್ಸಿಗೆ ಕಾದರೆ ಸಂಜೆ. ಹಾಗಾಗಿ, ಡ್ರೈವಿಂಗ್ ಬರುತ್ತಿದ್ದರೂ ಅಲ್ಲಿಯವರೆಗೆ ನಾನು ಮುಟ್ಟದಿದ್ದ ಅವರ ಕಾರಿನ ಕೀಲಿ ಕೈಗೆ ತೆಗೆದುಕೊಂಡೆ.

ಅದು ಎರಡೇ ಬಾಗಿಲಿನ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ಹಳೆಯ ಸ್ಪೋರ್ಟ್ಸ್ ಕಾರು. ಹುಕ್ಕೇರಿಯಲ್ಲಿ ಯಾರದೋ ತಗಡಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿದ್ದುದನ್ನು ಇವರು ತಂದು, ಎಷ್ಟೋ ರವಿವಾರಗಳನ್ನು ಅದರ ಕೆಳಗೇ ಕಳೆದು ರಿಪೇರಿ ಮಾಡಿದ್ದರು. ಅದರ ಪೆಟ್ರೋಲ್ ತೋರಿಸುವ ಮುಳ್ಳು ಮೊದಲಿನಿಂದಲೂ ಕೆಟ್ಟಿತ್ತು. ಎಷ್ಟು ಕಿಲೋಮೀಟರ್ ಓಡಿತು ಎಂದು ನೋಡಿ ಪೆಟ್ರೋಲ್ ಹಾಕಿಸುವುದು ಅವರ ರೂಢಿ. ನಾನೂ ಹಾಗೇ ಮಾಡಿದೆ. ಆದರೆ ಲೆಕ್ಕ ತಪ್ಪತೊಡಗಿತು. ವಾರಕ್ಕೆ ಸಾಲಬೇಕಾದದ್ದು ವಾರದ ನಡುವೆಯೇ ಮುಗಿಯುತ್ತಿತ್ತು.

"ಅಕ್ಕಾರ, ಇಷ್ಟು ಹಳೇ ಗಾಡಿ ಎವರೇಜ್ ಎಲ್ಲಿಂದ ಕೊಡಬೇಕ್ರಿ?" ಎಂದರು ಗ್ಯಾರೇಜಿನವರು. ಎವರೇಜ್ ಎಂದರೆ ನಮ್ಮ ಕಡೆ ಮೈಲೇಜು.

ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಗಂಡನಿಗೆ ಸುಮ್ಮನೆ ಹೇಳಿದೆ. "ರೀ, ನಿಮ್ಮ ಗಾಡಿ ಎವರೇಜ್ ಕೊಡವಲ್ದು." ಮರುದಿನ ಮತ್ತೆ ಹೇಳಿದೆ. ಬಹಳ ಹೊತ್ತಿನ ಮೇಲೆ ಗೋಡೆಗೆ ಹೇಳಿದಂತೆ, "ಟೈರಿನ ಗಾಳಿ ನೋಡಸು" ಎಂದರು.

ಹೂಂ, ಊಹೂಂ ಬಿಟ್ಟು ಬೇರೆ ಮಾತು ಆ ಬಾಯಿಂದ ಕೇಳಿ ಎಷ್ಟು ದಿನಗಳಾಗಿದ್ದವೋ. ಬೆಳಗಾಗುವುದನ್ನೇ ಕಾದು ಗಾಳಿ ಹಾಕಿಸಿದೆ. ಗಾಳಿ ಸ್ವಲ್ಪ ಕಡಿಮೆಯೇ ಇತ್ತು, ಆದರೆ ಅದರಿಂದ ಏನೂ ಹೆಚ್ಚುಕಡಿಮೆ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು. ಇನ್ನೊಂದು ಸಲ ಕೇಳಲು ನೆಪ ಉಳಿಯಿತಲ್ಲ. ಏರ್ ಫಿಲ್ಟರ್ ಎಂದರು, ಹೊಸದು ಹಾಕಿಸಿದೆ. ಬ್ರೇಕ್ ಹಿಡಿದುಕೊಂಡಿರಬೇಕು ಎಂದರು. ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ, ನಾನೇ ಕೈಯಿಂದ ಒಂದೊಂದೇ ಗಾಲಿ ತಿರುಗಿಸಿ ನೋಡಿದೆ. ಸಲೀಸಾಗಿ ತಿರುಗಿದವು. ಕೊನೆಗೆ "ಪ್ಲಗ್ ತಗೊಂಡ ಬಾ" ಎಂದರು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ಪೇಪರಿನಲ್ಲಿ ಸುತ್ತಿ ತಂದೆ. ತುದಿಯೆಲ್ಲ ಮಸಿ ಹಿಡಿದಿತ್ತು. ಮಲಗಿಕೊಂಡೇ ಬೆಳಕಿಗೆ ಹಿಡಿದು ನೋಡಿ, "ಪೆಟ್ರೋಲ್ ಹೆಚ್ಚಿಗಿ ಹೋಗಾಕತ್ತೈತಿ" ಎಂದರು. ಯಾಕೆ ಎಂದು ಕೇಳಿದರೆ ಮತ್ತೆ ಗೋಡೆಗೆ ತಿರುಗಿದರು.

ಅಲ್ಲಿಗೆ ಮಾತು ನಿಂತಿತು. ಗುಳಿಗೆಯನ್ನೂ ಬೇಡ ಎನ್ನತೊಡಗಿದರು. ನಾನು ಹೆದರುತ್ತಿದ್ದುದು ಏನೆಂದು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿರುವಾಗಲೇ ಕೈ ನಿಂತುಬಿಡುತ್ತಿತ್ತು.

ಅಂಥ ಒಂದು ಮಧ್ಯಾಹ್ನ, ಮೂಡಲಗಿಯಿಂದ ಬರುವಾಗ, ಅರಭಾವಿ ಇನ್ನೂ ದೂರವಿರುವಾಗಲೇ ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು. ಪೆಟ್ರೋಲ್ ಖಾಲಿ. ಕಡಿಮೆ ಮಾಡಿಕೊಂಡ ನನ್ನ ಹೊಸ ಲೆಕ್ಕದಲ್ಲೂ ಇನ್ನೊಂದು ದಿನಕ್ಕೆ ಆಗುವಷ್ಟು ಇರಬೇಕಿತ್ತು. ಗಂಡನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಬಾಜೂ ಮನೆಯವರಿಗೆ ಮಾಡಿದರೆ ಅವರು ಮದುವೆಗೆಂದು ಕೌಜಲಗಿಗೆ ಹೋಗಿದ್ದರು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ನಾನು ಕಾರಿನ ಬಾನೆಟ್ಟನ್ನು ಅಂಗೈಯಿಂದ ಹೊಡೆಯುತ್ತಿದ್ದೆ ಎಂಬುದು ಕೈ ನೋಯತೊಡಗಿದ ಮೇಲೆ ಗೊತ್ತಾಯಿತು.

ಕಾರನ್ನು ಅಲ್ಲೇ ಬಿಟ್ಟು ಗೋಕಾಕದ ಬಸ್ಸಿಗೆ ಕೈ ಮಾಡಿದೆ. ಬಸ್ಸು ಅರಭಾವಿಯಲ್ಲಿ ಕಾಲೇಜಿನ ಹುಡುಗರನ್ನು ಹತ್ತಿಸಿಕೊಂಡಿತು, ಮುಂದೆಯೂ ಕೈ ಮಾಡಿದಲ್ಲೆಲ್ಲ ನಿಂತಿತು. ಫೋನ್ ಕಿವಿಗೆ ಹಚ್ಚಿಕೊಂಡೇ ಇದ್ದೆ. ಸ್ಟ್ಯಾಂಡಿನಿಂದ ಮನೆಯವರೆಗೆ ಓಡಿದೆ.

ಬಾಗಿಲು ತೆಗೆದಾಗ ಅವರು ಮಂಚದ ಮೇಲೆ ಕೂತಿದ್ದರು. ಫೋನ್ ತೊಡೆಯ ಮೇಲಿತ್ತು.

"ಹೊಡಕೋತನ ಇತ್ತು," ಎಂದರು. "ಎತ್ತಾಕ ಆಗಲಿಲ್ಲ."

ನಾನು ಹೊಸ್ತಿಲಲ್ಲೇ ಕೂತೆ. "ನಿಮ್ಮ ಗಾಡಿ ದಾರ್ಯಾಗ ನಿಂತೈತ್ರಿ. ನನ್ನ ಕೈಲೆ ಇನ್ನ ಆಗಂಗಿಲ್ಲ. ಅದನ್ನೂ ನೋಡಾಕ ಆಗಂಗಿಲ್ಲ, ನಿಮ್ಮನ್ನೂ ನೋಡಾಕ ಆಗಂಗಿಲ್ಲ." ಆಡಬಾರದ ಮಾತು. ಆದರೆ ಆಡಿಯಾಗಿತ್ತು.

ಅವರು ಫೋನನ್ನು ತೊಡೆಯಿಂದ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು, "ಬಿಸಿ ತೋರಸೂ ಮುಳ್ಳು ಎಲ್ಲಿರತೈತಿ?"

"ಕೆಳಗ. ಎಷ್ಟ ದೂರ ಹೋದ್ರೂ ಕೆಳಗ ಇರತೈತಿ. ಎಂಜಿನ್ ತಣ್ಣಗ ಐತಿ, ಅದೊಂದರೆ ಛಲೋ ಐತಿ ಅಂತ ತಿಳಕೊಂಡಿದ್ದೆ."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ವಾಲ್ ನಾನ ತಗದೇನಿ."

ಬಿಟ್ಟುಬಿಟ್ಟು ಹೇಳಿದರು. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ನೀರನ್ನು ತಡೆದು ಹಿಡಿಯುವ ಸಣ್ಣ ವಾಲ್ವ್ ಒಂದು ಇರುತ್ತದೆ, ಅದನ್ನೇ ಇವರು ವಾಲ್ ಎನ್ನುವುದು. ಬೇಸಿಗೆಯಲ್ಲಿ ಅದು ಸಿಕ್ಕಿಕೊಂಡು ಗಾಡಿ ಕುದಿಯತೊಡಗಿದಾಗ ಕಿತ್ತುಹಾಕಿದ್ದರು. ಹೊಸದು ತಂದು ಕೂರಿಸಬೇಕು ಅಂದುಕೊಂಡಿದ್ದರು. ಅಷ್ಟರಲ್ಲಿ ತಾವೇ ಮಲಗಿಬಿಟ್ಟರು. ವಾಲ್ ಇಲ್ಲದೆ ಎಂಜಿನ್ ಕಾಯುವುದೇ ಇಲ್ಲ. ಈಗಷ್ಟೇ ಚಾಲೂ ಆಗಿದೆ ಎಂದು ತಿಳಿದು ದಾರಿಯುದ್ದಕ್ಕೂ ಹೆಚ್ಚು ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ. "ನನಗ ನೆನಪ ಇರಲಿಲ್ಲ," ಎಂದು ಅತ್ತರು. ಕಾಯಿಲೆ ಬಿದ್ದ ಮೇಲೆ ಅವರು ಅತ್ತದ್ದು ಅದೇ ಮೊದಲು.

ಆಟೋ ಹಿಡಿದು, ಕ್ಯಾನಿನಲ್ಲಿ ಪೆಟ್ರೋಲ್ ತೆಗೆದುಕೊಂಡು ಇಬ್ಬರೂ ಹೋದೆವು. ಅವರದು ಗಡ್ಡ ಬಿಟ್ಟ ಮುಖ, ಮಾಸಿದ ಪಾಯಜಾಮ. ಬಿಸಿಲಿಗೆ ಕಣ್ಣು ಬಿಡಲಾಗದೆ ನನ್ನ ತೋಳು ಹಿಡಿದಿದ್ದರು. ಕಾರನ್ನು ಮನೆಗೆ ತಂದೆವು. ಹೊಸ ವಾಲ್ ಬೆಳಗಾವಿಯಿಂದ ಬಂತು. ಅವರೇ ಕೂರಿಸಿದರು. ಒಂದು ತಾಸಿನ ಕೆಲಸಕ್ಕೆ ಹಲವು ದಿನ ಹಿಡಿಯಿತು, ನಡುನಡುವೆ ಹೋಗಿ ಮಲಗುತ್ತಿದ್ದರು. ಆಮೇಲೆ ಬಿಸಿ ತೋರಿಸುವ ಮುಳ್ಳು ಏರಿ ನಡುವಿಗೆ ಬಂದು ನಿಂತಿತು, ಪೆಟ್ರೋಲ್ ಮೊದಲಿನಂತೆ ವಾರಕ್ಕೆ ಸಾಲತೊಡಗಿತು.

ಗಾಡಿ ಸರಿಯಾಯಿತು, ಅವರು ಮತ್ತೆ ಗೋಡೆಗೆ ತಿರುಗಿದರು. ಈಗ ಕೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಒಂದು ದಿನ ಬಾನೆಟ್ ಎತ್ತಿ, ಯಾವ ವಾಯರ್ ಕಿತ್ತರೆ ಗಾಡಿ ಕೆಡಬಹುದು ಎಂದು ಹುಡುಕುತ್ತ ನಿಂತಿದ್ದೆ. ಕೀಳಲಿಲ್ಲ. ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಗುಳಿಗೆ ಬದಲಾಯಿತು. ಅದು ಹಿಡಿಯಲು ತಿಂಗಳುಗಳೇ ಬೇಕಾದವು.

ಈಗ ಕೆಲವು ದಿನ ನನ್ನ ಜೊತೆ ಶಾಲೆಯವರೆಗೆ ಕಾರಿನಲ್ಲಿ ಬರುತ್ತಾರೆ. ಮೊನ್ನೆ ಬರುವಾಗ ಅರಭಾವಿಯಲ್ಲಿ ನಿಲ್ಲಿಸು ಎಂದರು. "ಇಲ್ಲೆ ಜರಾ ಅಡ್ಡಾಡತೇನಿ. ಬಸ್ಸಿಗೆ ಬರತೇನಿ, ನೀ ನಡಿ." ಬೇಡ ಎನ್ನಲು ಬಾಯಿ ತೆರೆದವಳು ಗೇರ್ ಹಾಕಿ ಹೊರಟೆ. ಮನೆಗೆ ಬಂದು ಬಾಗಿಲಲ್ಲಿ ನಿಂತೆ. ಬರಬೇಕಾದ ಹೊತ್ತು ಮೀರಿತು. ಫೋನ್ ಮಾಡಲು ಧೈರ್ಯ ಬರಲಿಲ್ಲ, ಎತ್ತದಿದ್ದರೆ ಏನು ಮಾಡಲಿ? ಕೊನೆಗೆ ಓಣಿಯ ತುದಿಯಲ್ಲಿ ಕಂಡರು, ನಿಧಾನವಾಗಿ ನಡೆದು ಬಂದರು.

"ಬಸ್ ಬಾಳ ಗದ್ಲ ಇತ್ತು, ಒಂದ ಬಿಟ್ಟ ಇನ್ನೊಂದಕ್ಕ ಬಂದೆ," ಎಂದರು. "ರೊಟ್ಟಿ ಮಾಡೀಯೇನು?"