ವಿಜಿಯ ಕೈಯ ಅಬ್ದಾಗಿರಿ

ತೊಂಬತ್ತರ ದಶಕದ ಆ ದಿನಗಳಲ್ಲಿ ಪುಣೆ ಹತ್ತಿರದ ಚಿಂಚವಾಡದ ನಮ್ಮ ಕಾಲೊನಿಯವರು ಗಣಪತಿಯನ್ನು ಮುಳುಗಿಸಲು ಟೆಂಪೊದಲ್ಲಿ ಕಳಿಸುತ್ತಿರಲಿಲ್ಲ. ಧಾರವಾಡ ಕಡೆಯ ಏಳೆಂಟು ಮನೆಯವರು ಸೇರಿ, ಪಲ್ಲಕ್ಕಿಯಲ್ಲಿ ಕೂಡಿಸಿ, ಪವನಾ ನದಿಯವರೆಗೆ ನಡೆದೇ ಹೋಗುತ್ತಿದ್ದೆವು. ಮೂಗಿಗೆ ಗುಲಾಲು, ಕೈತುಂಬ ಒಗ್ಗರಣೆ ಹಾಕಿದ ಕಡಲೆ ಗುಗ್ಗರಿ. ಅದೆಲ್ಲ ಉಳಿದವರಿಗೆ. ನನಗೆ ಆ ದಿನವೆಂದರೆ ಬರೀ ಹೊಟ್ಟೆಯುರಿ.

ಕಾರಣ ಅಬ್ದಾಗಿರಿ. ಉದ್ದ ಕೋಲಿನ ತುದಿಗೆ ಜರಿ ಅಂಚಿನ ಕೆಂಪು ಮಖಮಲ್ಲಿನ ದೊಡ್ಡ ಬೀಸಣಿಗೆಯಂಥದ್ದು. ಪಲ್ಲಕ್ಕಿಯ ಪಕ್ಕ ದೇವರಿಗೆ ನೆರಳಾಗಿ ಹಿಡಿಯುವುದು. ಊರಿಂದ ತಂದವನು ನಮ್ಮಜ್ಜ, ಹಿಡಿಯುವವಳು ಎದುರುಮನೆಯ ವಿಜಿ! ನನ್ನದೇ ವಯಸ್ಸು, ನನಗಿಂತ ಒಂದು ಗೇಣು ಎತ್ತರ, ಅಷ್ಟೇ. ಜರಿ ಪರಕಾರ ಉಟ್ಟು, ಗದ್ದ ಮೇಲೆತ್ತಿ ನಡೆದಳೆಂದರೆ ನೆರೆಮನೆಯ ಮರಾಠಿ ಹೆಂಗಸರು, ಕಾಕುಗಳೆಲ್ಲ, "ಕಿತೀ ಛಾನ್ ದಿಸತೆ!", ಎಷ್ಟು ಚೆಂದ ಕಾಣ್ತಾಳೆ, ಎನ್ನುತ್ತಿದ್ದರು. ನಾನು ನನ್ನ ಗುಗ್ಗರಿಯನ್ನು ಪಕ್ಕದವರ ಕೈಗೆ ಸುರಿಯುತ್ತಿದ್ದೆ. ಎತ್ತರವಾಗಲೆಂದು ವರ್ಷವಿಡೀ ಕಿಟಕಿಯ ಸರಳಿಗೆ ಜೋತುಬಿದ್ದೆ. ಅಂಗೈಗೆ ಬೊಬ್ಬೆ ಬಂತು, ಎತ್ತರ ಬರಲಿಲ್ಲ.

"ಅಜ್ಜಾ, ನಾ ಯಾಕ ಹಿಡೀಬಾರ್ದು?"

"ನೀ ಹಿಡದ್ರ ದೇವರ ಮೊಣಕಾಲಿಗಷ್ಟ ನೆರಳ ಬೀಳ್ತದವಾ," ಎಂದು ಅಜ್ಜ ನಕ್ಕ. ನನ್ನ ಕಣ್ಣಲ್ಲಿ ನೀರು ಕಂಡು, ಸಮಾಧಾನಕ್ಕೆ ಅಬ್ದಾಗಿರಿ ಎಂಬ ಪದದ ಕಥೆ ತೆಗೆದ. "ಇದು ಪಾರ್ಸಿ ಮಾತು. ಆಫ್ತಾಬ್ ಅಂದ್ರ ಸೂರ್ಯ, ಗೀರ್ ಅಂದ್ರ ಹಿಡಿಯೂದು. ಮೊದಲ ಬಾದಶಹರಿಗೆ ಇತ್ತು. ಆಮ್ಯಾಲೆ ಪೇಶ್ವೆ ಕಾಲದಾಗ ದೊಡ್ಡ ಸರದಾರರಿಗೆ ಮಾನ ಅಂತ ಕೊಡತಿದ್ರು. ಈಗ ದೇವರಿಗಷ್ಟ ಉಳದದ."

"ಮಾನ ಯಾರದು? ಹಿಡದವರದೋ, ನೆರಳಾಗ ಇದ್ದವರದೋ?"

"ನೆರಳಾಗ ಇದ್ದವರದು. ಹಿಡದವ ಆಳು."

ಅಬ್ಬಾ, ಹೊಟ್ಟೆ ತಣ್ಣಗಾಯಿತು! ಓಡಿಹೋಗಿ ಎದುರುಮನೆಯ ಬಾಗಿಲಲ್ಲಿ ನಿಂತು ಕೂಗಿದೆ: "ಏ ವಿಜಿ, ಅಬ್ದಾಗಿರಿ ಹಿಡಿಯೋರು ಆಳಂತ!"

ಅವಳು ಜಡೆಯನ್ನು ಹಿಂದಕ್ಕೆ ಎಸೆದು, "ಹೌದು, ಗಣಪ್ಪನ ಆಳು ಅದೀನಿ. ನಿನ್ನ ಇಟಗೊಂಡಾನೇನ ಅಂವಾ, ಗಿಡ್ಡಿ?" ಎಂದಳು. ಆ ವರ್ಷ ಅವಳ ಗದ್ದ ಇನ್ನಷ್ಟು ಮೇಲೇರಿತ್ತು.

ಮರುವರ್ಷ ಅವಳಪ್ಪನಿಗೆ ನಾಸಿಕಕ್ಕೆ ಬದಲಿಯಾಯಿತು. ಅಷ್ಟರಲ್ಲಿ ನಾನೂ ಉದ್ದವಾಗಿದ್ದೆ. ಅಬ್ದಾಗಿರಿ ನನ್ನ ಕೈಗೆ ಬಂತು. ಹೊಸ ಪರಕಾರ ಉಟ್ಟು ನಾನೂ ಗದ್ದ ಎತ್ತಿದೆ. ಕಾಕುಗಳು "ಛಾನ್" ಎಂದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ತೋಳು ಸೇದುತ್ತಿತ್ತು. ಆದರೂ ಕಾಲೊನಿ ದಾಟುವವರೆಗೆ ತಿರುಗಿ ತಿರುಗಿ ಎದುರುಮನೆಯನ್ನೇ ನೋಡಿದೆ. ಬಾಗಿಲಿಗೆ ಬೀಗವಿತ್ತು. ಉರಿದುಕೊಳ್ಳುವವರೇ ಇಲ್ಲದ ಮೇಲೆ ಆ ಮಖಮಲ್ಲು ಎಷ್ಟು ಮೇಲಿದ್ದರೇನು?

ಈಗ ಆ ಕಾಲೊನಿ ಇಲ್ಲ, ಅಜ್ಜನೂ ಇಲ್ಲ. ಗಣಪತಿ ಸೊಸೈಟಿಯ ಪ್ಲಾಸ್ಟಿಕ್ ತೊಟ್ಟಿಯಲ್ಲೇ ಮುಳುಗುತ್ತಾನೆ. ಅಬ್ದಾಗಿರಿ ಮಗರಪಟ್ಟಾದ ನನ್ನ ಫ್ಲ್ಯಾಟಿನ ಮೂಲೆಯಲ್ಲಿ ನಿಂತಿದೆ. ಬಂದವರು ಏನಿದು ಎಂದರೆ ಆಫ್ತಾಬ್, ಗೀರ್ ಎಂದು ಬಿಡಿಸಿ ಹೇಳುತ್ತೇನೆ. ಅವರು ತಲೆದೂಗಿ ಚಹಾ ಕುಡಿಯುತ್ತಾರೆ. ಯಾರೂ ಒಮ್ಮೆ ಹಿಡಿದು ನೋಡುತ್ತೇನೆ ಎನ್ನುವುದಿಲ್ಲ. ನನಗೂ ಅದು ಇವತ್ತಿಗೂ ನನ್ನದು ಅನ್ನಿಸಿಲ್ಲ. ಅವಳ ಕೈಯಲ್ಲೇ ಚೆಂದ ಕಾಣುತ್ತಿತ್ತು, ಹಾಳಾದವಳು.