ತೊಟ್ಟು ನೋಡಿದರೆ ಸಾಕು

ಮೊನ್ನೆ ಕೃಷ್ಣಗಿರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮಾವಿನ ಪಲ್ಪ್ ಫ್ಯಾಕ್ಟರಿಯ ವಾಸನೆ ಮೂಗಿಗೆ ಹೊಡೆಯಿತು. ಹುಳಿ, ಸಿಹಿ, ಕೊಳೆತದ್ದು ಎಲ್ಲ ಸೇರಿದ ವಾಸನೆ. ಅಂಥದ್ದೇ ಒಂದು ಫ್ಯಾಕ್ಟರಿಯಲ್ಲಿ ಬೆಲ್ಟಿನ ಮುಂದೆ ನಿಂತು ವರ್ಷಗಟ್ಟಲೆ ಹಣ್ಣು ಆರಿಸಿದವಳು ನಾನು. ಆದರೆ ನೆನಪಾದದ್ದು ಫ್ಯಾಕ್ಟರಿಯಲ್ಲ, ಹೊಸೂರಿನ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ...

ಬಂದ ಹೊಸದರಲ್ಲಿ ಏನು ಕೆಲಸವೆಂದು ಕೇಳಿದ್ದೆ.

"ಪಾಕೆಟ್ ಹಿಡಿಯೋದು ಅಜ್ಜಿ. ಜಾಸ್ತಿ ಬಂದ್ರೆ ತಪ್ಪೋಗ್ತವೆ," ಅಂದಳು.

ನಮ್ಮ ಗಡಿಯಲ್ಲಿ ಪಾಕೆಟ್ ಅಂದರೆ ಗಡಿಯಾಚೆಯಿಂದ ಕದ್ದು ಬರುತ್ತಿದ್ದ ಸಾರಾಯಿ ಪೊಟ್ಟಣ. "ನೀನೇನು ಪೊಲೀಸಾ, ಇಲ್ಲಾ ಕುಡಿಯೋಳಾ?" ಎಂದೆ. ನಕ್ಕೂ ನಕ್ಕೂ ನೆಲಕ್ಕೇ ಕೂತಳು.

ಆಮೇಲೆ ತಿಳಿಸಿದಳು. ಅವಳ ಕಾರ್ಖಾನೆಯ ಯಂತ್ರಗಳು ಮಾತನ್ನು ಚಿಕ್ಕ ಚಿಕ್ಕ ಪಾಕೆಟ್, ಅಂದರೆ ಪೊಟ್ಟಣ, ಕಟ್ಟಿ ತಂತಿಯಲ್ಲಿ ಒಂದಕ್ಕೊಂದು ಕಳಿಸಿಕೊಳ್ಳುತ್ತವಂತೆ. ಅವುಗಳ ನಕಲು ಹಿಡಿದಿಡುವುದು ಇವಳ ಕಂಪ್ಯೂಟರಿನ ಕೆಲಸ. ಯಂತ್ರವೊಂದು ದಿನಾ ಕಾರಣವಿಲ್ಲದೆ ನಿಲ್ಲುತ್ತಿತ್ತು. ಕಾರಣ ಆ ಪೊಟ್ಟಣಗಳಲ್ಲೇ ಸಿಗಬೇಕು, ಆದರೆ ಸಂದಣಿ ಹೆಚ್ಚಾದ ಹೊತ್ತಿಗೇ ಅರ್ಧಕ್ಕರ್ಧ ತಪ್ಪಿಹೋಗುತ್ತಿದ್ದವು.

"ಶನಿವಾರದೊಳ್ಗೆ ಕಾರಣ ತೋರಿಸ್ದಿದ್ರೆ ಕೆಲ್ಸ ಬಿಡು ಅಂದವ್ರೆ ಅಜ್ಜಿ."

"ಒಂದೊಂದನ್ನೂ ಏನ್ ಮಾಡ್ತದೆ ನಿನ್ ಕಂಪ್ಯೂಟ್ರು?"

"ಬಿಚ್ಚಿ, ಪೂರ್ತಿ ಓದಿ, ಬರ್ದಿಡ್ತದೆ."

ನನಗೆ ರೇಗಿತು. "ಬೆಲ್ಟ್ ಮೇಲ್ ಬರೋ ಹಣ್ಣೆಲ್ಲಾ ಕುಯ್ದು ನೋಡ್ತಾ ನಿಂತ್ರೆ ಆಯ್ತದೇನಮ್ಮಿ? ತೊಟ್ಟು ನೋಡು, ಕ್ರೇಟಿಗೆ ಹಾಕು. ಕುಯ್ಯೋರು ಹಿಂದ್ಗಡೆ ಕುಯ್ಕೊಳ್ಲಿ. ಒಬ್ಳನ್ನೇ ಯಾಕ್ ನಿಲ್ಲಿಸ್ತೀಯ, ನಾಕ್ ಜನ ನಿಲ್ಸು."

ಈ ಸಲ ನಗಲಿಲ್ಲ. "ತೊಟ್ಟು ಮಾತ್ರ..." ಎಂದುಕೊಂಡು ಎದ್ದು ಹೋದಳು.

ಶುಕ್ರವಾರ ಸಂಜೆ ಚಪ್ಪಲಿ ಬಿಡದೆಯೇ ಒಳಗೆ ನುಗ್ಗಿದಳು. ಯಾರಿಂದ ಯಾರಿಗೆ ಎಂದಿರುವ ಪೊಟ್ಟಣದ ತಲೆಯನ್ನಷ್ಟೇ ಹಿಡಿದಳಂತೆ. ಮೊದಲು ಕಂಪ್ಯೂಟರಿನಲ್ಲೇ ಕ್ರೇಟಿನಂಥ ದೊಡ್ಡದೊಂದು ಜಾಗಕ್ಕೆ ತುಂಬಿ, ಬರೆಯುವುದನ್ನು ಹಿಂದಕ್ಕೆ ಹಾಕಿದಳಂತೆ. ಕೆಲಸವನ್ನು ಕಂಪ್ಯೂಟರಿನೊಳಗೇ ನಾಲ್ಕು ಪಾಲು ಮಾಡಿದಳಂತೆ. ಒಂದೂ ತಪ್ಪಲಿಲ್ಲ. ಗೇಟಿನ ಹಳೇ ಕ್ಯಾಮೆರಾ ಕೆಟ್ಟು, ಒಂದೇ ಮಾತನ್ನು ಎಲ್ಲ ಯಂತ್ರಗಳಿಗೂ ಬಿಡದೆ ಕೂಗುತ್ತಿತ್ತಂತೆ, ಆ ಗದ್ದಲಕ್ಕೇ ಯಂತ್ರ ನಿಲ್ಲುತ್ತಿತ್ತಂತೆ.

"ನಿನ್ ಮಾವಿನ್‌ಹಣ್ಣೇ ನನ್ ಕೆಲ್ಸ ಉಳಿಸ್ತು ಅಜ್ಜಿ."

"ಮೊದ್ಲು ಚಪ್ಲಿ ಬಿಡು," ಅಂದೆ.

ಮರುವರ್ಷ ಅವಳಿಗೆ ಕಾಮಾಲೆ ಬಂತು. ಆಸ್ಪತ್ರೆಗೆ ಹೋಗೆಂದು ಬೈದು ಕಳಿಸಿದವಳು ನಾನೇ. ಜೀವಂತ ತಿರುಗಿ ಬರಲಿಲ್ಲ.

ಈಗ ಆ ರೂಮಿನಲ್ಲಿ ಲಾರಿ ಓಡಿಸುವವನಿದ್ದಾನೆ. ಬಸ್ಸಿಳಿದು ಬಂದವಳು ಅವನನ್ನು ಒಂದು ಮಾತು ಕೇಳಿದೆ. ಬೆಲ್ಟಿನ ಮುಂದೆ ನಮ್ಮ ಕಣ್ಣು ತಪ್ಪಿಸಿ ಹೋದ ಹಣ್ಣೆಷ್ಟೆಂದು ನಮಗೆ ಯಾವತ್ತೂ ಗೊತ್ತಾಗಲಿಲ್ಲ. ನೋಡದೆ ಬಿಟ್ಟದ್ದು ಇಷ್ಟೆಂದು ಅವಳ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತಿತ್ತು?

"ನಂಗೇನ್ ಗೊತ್ತಜ್ಜಿ," ಅಂದ.

ಅವಳಿರುವಾಗಲೇ ಕೇಳಬೇಕಿತ್ತು. ಆಗ ಹೊಳೆಯಲಿಲ್ಲ.